ಬಿರುಕು ಬಾಗಿಲಿನದು, ಅಲುಗಾಟ ಎಲ್ಲಿಯದು?

ಮುಂಬಯಿಯ ಬೀದಿಗಳಲ್ಲಿ ದುಡಿಯುವ ಪಿಕಪ್ ಗಾಡಿಗಳ ಬಾಗಿಲು ಬಿರುಕು ಬಿಡುತ್ತಿರುವ ಬಗ್ಗೆ ಈ ಸಲ ಹಲವು ಪತ್ರಗಳು ಬಂದಿವೆ. ತರಕಾರಿ, ಮೀನು, ಇಡ್ಲಿ ಹಿಟ್ಟು, ಕಿರಾಣಿ ಹೀಗೆ ಸರಕು ಬೇರೆ ಬೇರೆಯಾದರೂ ದೂರು ಒಂದೇ. ಗಾಡಿ ಎಲ್ಲೂ ಗುದ್ದಿಲ್ಲ, ಆದರೂ ತಗಡು ತಾನಾಗಿ ಸೀಳಿದೆ. ಅದಕ್ಕಾಗಿ ಈ ಸಂಚಿಕೆಯ ಪುಟವನ್ನು ಪೂರ್ತಿ ಈ ವಿಷಯಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ನನ್ನದು ಏಳು ವರ್ಷದ ಪಿಕಪ್. ಡ್ರೈವರ್ ಬದಿಯ ಬಾಗಿಲಲ್ಲಿ ಕನ್ನಡಿಯ ತೋಳು ಕೂತಿರುವ ಜಾಗದಲ್ಲಿ ಬಿರುಕು ಬಂತು. ಗ್ಯಾಸ್ ವೆಲ್ಡಿಂಗ್ ಮಾಡಿಸಿ, ಪುಟ್ಟಿ ಹಾಕಿಸಿ, ಬಣ್ಣ ಹೊಡೆಸಿದೆ. ಐದು ತಿಂಗಳಿಗೆ ವೆಲ್ಡಿಂಗ್ ಪಕ್ಕದಲ್ಲೇ ಹೊಸ ಬಿರುಕು. ಮತ್ತೆ ಮಾಡಿಸಿದೆ, ಮತ್ತೆ ಬಂತು. ತಗಡೇ ಕಳಪೆಯೋ, ಮೇಸ್ತ್ರಿಯದು ತಪ್ಪೋ?
— ವಾಶಿ ಮಾರುಕಟ್ಟೆಯಿಂದ ತರಕಾರಿ ಸಾಗಿಸುವವರು, ಭಾಂಡುಪ್

ಉತ್ತರ: ತಗಡು ಕಳಪೆ ಎನ್ನಲು ಕಾರಣ ಕಾಣುವುದಿಲ್ಲ. ನಿಮ್ಮ ಬಾಗಿಲಿಗೆ ಆಗಿರುವುದು ಲೋಹದ ದಣಿವು. ಒಂದು ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ, ಹಿಂದೆ ಮುಂದೆ ಇಪ್ಪತ್ತು ಸಲ ಬಗ್ಗಿಸಿದರೆ ಕೈಯಲ್ಲೇ ತುಂಡಾಗುತ್ತದೆ. ಬಾಗಿಲಲ್ಲಿ ಬಾಗುವಿಕೆ ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ಎಣಿಕೆ ಲಕ್ಷಗಟ್ಟಲೆ. ಒಂದೊಂದು ನಡುಕಕ್ಕೂ ಬೋಲ್ಟಿನ ತೂತಿನ ಅಂಚಿನಲ್ಲೋ ಚೂಪು ಮೂಲೆಯಲ್ಲೋ ಲೋಹ ಒಂದಿಷ್ಟು ಬಿಟ್ಟುಕೊಡುತ್ತಾ ಹೋಗುತ್ತದೆ.

ಎಣಿಕೆ ಎಷ್ಟಾಗುತ್ತದೆ ನೋಡಿ. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 750 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 25 ಸಲ ಉರಿಯುತ್ತದೆ, ಅಂದರೆ 25 ಸಲ ಕ್ಯಾಬಿನ್ ನಡುಗುತ್ತದೆ. ಒಂದು ಗಂಟೆಗೆ ಅದು 90,000. ಘೋಡ್‌ಬಂದರ್ ರಸ್ತೆಯಲ್ಲಿ ಎರಡು ಗಂಟೆ ಸಿಕ್ಕಿಬಿದ್ದರೆ ಗಾಡಿ ಒಂದು ಕಿಲೋಮೀಟರ್ ಓಡದೆಯೇ ನಿಮ್ಮ ಕನ್ನಡಿ 1,80,000 ಸಲ ಅಲುಗಿರುತ್ತದೆ. ಬೋಲ್ಟ್ ಬಿಗಿಯಾಗಿದ್ದರೆ ಈ ನಡುಕ ತಗಡಿಗೆ ಲೆಕ್ಕಕ್ಕಿಲ್ಲ. ಬೋಲ್ಟ್ ಸಡಿಲವಾದರೆ, ಇಲ್ಲವೆ ಉದ್ದ ತೋಳಿನ ಭಾರದ ಕನ್ನಡಿಯನ್ನು ಹೊರಗಿನಿಂದ ತಂದು ಕೂರಿಸಿದ್ದರೆ, ಅಷ್ಟೂ ನಡುಕವನ್ನು ಮುಕ್ಕಾಲು ಮಿಲಿಮೀಟರ್ ದಪ್ಪದ ತಗಡೇ ಹೊರಬೇಕಾಗುತ್ತದೆ.

ಹೊಸ ಬಿರುಕು ವೆಲ್ಡಿಂಗ್ ಪಕ್ಕದಲ್ಲೇ ಬಂದುದಕ್ಕೂ ಕಾರಣವಿದೆ. ಗ್ಯಾಸಿನ ಉರಿ ಅಗಲವಾಗಿ ಹರಡುತ್ತದೆ. ಸುತ್ತಲಿನ ತಗಡು ಕಾದು ಉಬ್ಬಿ, ಆರುವಾಗ ಎಳೆದುಕೊಂಡು, ಒಳಗೊಳಗೇ ಬಿಗಿತ ಉಳಿಸಿಕೊಳ್ಳುತ್ತದೆ. ದಪ್ಪ ವೆಲ್ಡಿಂಗ್ ಗೆರೆ ಮತ್ತು ತೆಳು ತಗಡು ಸೇರುವ ಅಂಚಿನಲ್ಲಿ ಒತ್ತಡ ಒಟ್ಟುಗೂಡುತ್ತದೆ. ಅಲುಗಾಟ ಹಾಗೇ ಇರುವಾಗ ಬಿರುಕಿಗೆ ಅದೇ ಹೊಸ ದಾರಿ. ನಿಮ್ಮ ಮೇಸ್ತ್ರಿ ಬಿರುಕನ್ನು ಮುಚ್ಚಿದರು, ಅಲುಗಾಟವನ್ನು ಮುಟ್ಟಲಿಲ್ಲ.

ಈ ಸಲ ಹೀಗೆ ಮಾಡಿಸಿ. ಕನ್ನಡಿ, ಗಾಜು, ಒಳಗಿನ ಪ್ಯಾಡ್, ವೈರಿಂಗ್ ಎಲ್ಲ ಬಿಚ್ಚಿಸಿ. ಪುಟ್ಟಿ ಪೂರ್ತಿ ಕೆರೆದು ಬರಿ ಲೋಹ ಕಾಣಲಿ. ಬಿರುಕಿನ ತುದಿ ಕಣ್ಣಿಗೆ ಕಾಣುವುದಕ್ಕಿಂತ ಎರಡು ಮೂರು ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಆ ನಿಜವಾದ ತುದಿ ಸಿಗುವಂತೆ 3ರಿಂದ 5 ಮಿಲಿಮೀಟರ್ ತೂತು ಕೊರೆದು ಅದರ ಅಂಚನ್ನು ನುಣುಪು ಮಾಡಬೇಕು. ಸೂಜಿಮೊನೆಯಂತಿದ್ದ ತುದಿ ದುಂಡಗಾದರೆ ಬಿರುಕಿನ ಓಟ ನಿಲ್ಲುತ್ತದೆ. ಹಳೆಯ ಗ್ಯಾಸ್ ವೆಲ್ಡಿಂಗ್ ಆಗಿರುವ ಭಾಗವನ್ನು ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಹೊಸ ತಗಡನ್ನು ಮೂಲೆಗಳು ದುಂಡಗಿರುವಂತೆ ಕತ್ತರಿಸಿ ಕೂರಿಸಲಿ. ವೆಲ್ಡಿಂಗ್ ಮಿಗ್ ಯಂತ್ರದಿಂದಲೇ ಆಗಲಿ. ಸಣ್ಣ ತಂತಿ, ಬೆರಳಗಲಕ್ಕಿಂತ ಕಡಿಮೆ ಉದ್ದದ ತುಣುಕು ಹೊಲಿಗೆ, ಒಂದು ಕಡೆ ಹಾಕಿದ ಮೇಲೆ ಅದು ಆರುವ ತನಕ ಇನ್ನೊಂದು ಕಡೆ. ಒದ್ದೆ ಬಟ್ಟೆ ಒತ್ತಿ ಆರಿಸುವುದು ಬೇಡ.

ಕೊನೆಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕನ್ನಡಿಯ ಬೋಲ್ಟುಗಳ ಹಿಂದೆ, ಬಾಗಿಲಿನ ಒಳಬದಿಗೆ, ಅಂಗೈಯಗಲದ ಒಂದೂವರೆ ಮಿಲಿಮೀಟರ್ ಪಟ್ಟಿ ಕೊಡಿಸಿ. ಭಾರ ಎರಡು ತೂತುಗಳ ಮೇಲೆ ಬೀಳದೆ ಅಗಲವಾಗಿ ಹಂಚಿಹೋಗುತ್ತದೆ. ಅದಕ್ಕಿಂತ ದಪ್ಪದ ಪಟ್ಟಿ ಬೇಡ, ಹಾಕಿದರೆ ಬಿರುಕು ಪಟ್ಟಿಯ ಅಂಚಿಗೆ ವರ್ಗವಾಗುತ್ತದೆ. ಬೆಸುಗೆ ಹಾಕಿದ ಉಕ್ಕಿನ ವಿಷಯದಲ್ಲಿ ಒಂದು ಲೆಕ್ಕವಿದೆ. ಒತ್ತಡ ಅರ್ಧಕ್ಕೆ ಇಳಿದರೆ ಆಯುಸ್ಸು ಸುಮಾರು ಎಂಟು ಪಟ್ಟಾಗುತ್ತದೆ. ಐದು ತಿಂಗಳಿಗೆ ಬಿರುಕು ಬಿಟ್ಟ ಜಾಗ ಮೂರು ವರ್ಷ ದಾಟುವುದು ಈ ಲೆಕ್ಕದಿಂದ.

ಪ್ರಶ್ನೆ: ಮಾಟುಂಗಾ, ಸಾಯನ್, ಚೆಂಬೂರಿನ ಹೋಟೆಲುಗಳಿಗೆ ಬೆಳಗಿನ ಜಾವ ಇಡ್ಲಿ ದೋಸೆ ಹಿಟ್ಟು ಹಂಚುತ್ತೇವೆ. ಹುಡುಗ ದಿನಕ್ಕೆ ನೂರೈವತ್ತು ಸಲವಾದರೂ ಇಳಿದು ಹತ್ತುತ್ತಾನೆ. ಬಾಗಿಲು ಪೂರ್ತಿ ತೆರೆದರೆ ಟಕ್ ಎಂದು ಸದ್ದು. ಒಳಗೆ ಬಾಗಿಲನ್ನು ತಡೆದು ನಿಲ್ಲಿಸುವ ಪಟ್ಟಿಯ ಸುತ್ತ ತಗಡು ಹರಿದಂತಿದೆ. ಅದನ್ನು ಕಿತ್ತು ಬಿಸಾಡಿ ಎಂದು ಗ್ಯಾರೇಜಿನವನು ಹೇಳುತ್ತಾನೆ.
— ಹಿಟ್ಟಿನ ವ್ಯಾಪಾರಿ, ಅಂಟಾಪ್ ಹಿಲ್

ಉತ್ತರ: ಕೀಳಬೇಡಿ. ಆ ಪಟ್ಟಿ ಹೋದ ಗಳಿಗೆಯಿಂದ ಬಾಗಿಲು ಅದರ ಮಿತಿ ಮೀರಿ ತೆರೆದು ಮುಂದಿನ ಫೆಂಡರಿಗೆ ಬಡಿಯುತ್ತದೆ, ಆ ಪೆಟ್ಟು ನೇರವಾಗಿ ಹಿಂಜಿಗೆ ಹೋಗುತ್ತದೆ. ಇಂದು ತಗಡಿನ ಹರಕು, ನಾಳೆ ಹಿಂಜು ಕೂತಿರುವ ಕ್ಯಾಬಿನ್ ಕಂಬದ ಹರಕು.

ದಿನಕ್ಕೆ 150 ಸಲ, ವರ್ಷಕ್ಕೆ 300 ದಿನ ಎಂದಿಟ್ಟರೂ 45,000 ಸಲ ಬಾಗಿಲು ತೆರೆದು ಮುಚ್ಚಿದಂತಾಯಿತು. ಗಾಡಿ ತಯಾರಿಸುವವರು ಬಾಗಿಲನ್ನು ಬಡಿದು ಬಡಿದು ಪರೀಕ್ಷಿಸುವುದು ಹತ್ತಾರು ಸಾವಿರದಿಂದ ಒಂದು ಲಕ್ಷದ ತನಕ. ಮನೆಯ ಕಾರಿಗೆ ಅದು ಜೀವಮಾನದ ಲೆಕ್ಕ, ನಿಮ್ಮ ಗಾಡಿಗೆ ಎರಡು ವರ್ಷದ್ದು.

ಪಟ್ಟಿ ಕೂತಿರುವುದು ಹಿಂಜಿನ ತೀರ ಹತ್ತಿರ. ಬಾಗಿಲಿನ ತುದಿಯಲ್ಲಿ ಗಾಳಿಯೋ ಕಾಲೋ ತಳ್ಳಿದ ಬಲ ಅಲ್ಲಿಗೆ ತಲುಪುವಷ್ಟರಲ್ಲಿ ಹತ್ತು ಪಟ್ಟು ಮೀರಿರುತ್ತದೆ. ಕೈಯಲ್ಲಿ ಹಿಟ್ಟಿನ ಡಬ್ಬ ಇರುವಾಗ ಹುಡುಗ ಕಾಲಿನಿಂದ ಒದ್ದು ತೆರೆಯುತ್ತಿದ್ದರೆ ಅದು ನನಗೆ ಅರ್ಥವಾಗುತ್ತದೆ, ಅವನಿಗೆ ಅವಸರವಿದೆ. ಆದರೆ ತಗಡು ಹರಿದದ್ದು ಅದೇ ಕಾರಣಕ್ಕೆ ಇರಬೇಕು. ಡಬ್ಬ ಕೆಳಗಿಟ್ಟು ಕೈಯಿಂದ ತೆರೆಯಲು ಅವನಿಗೆ ಹೇಳಿ, ಅದಕ್ಕೆ ತಗಲುವ ಹೊತ್ತನ್ನು ಅವನ ಕೆಲಸದ ವೇಳೆಯಲ್ಲೇ ಬಿಟ್ಟುಕೊಡಿ.

ರಿಪೇರಿಗೆ ಮೊದಲು ಪಟ್ಟಿಯ ಪಿನ್ನು ಮತ್ತು ರಬ್ಬರ್ ಹೊಸದು ಹಾಕಿಸಿ, ಗ್ರೀಸ್ ಕೊಡಿಸಿ. ಬಿಗಿದುಕೊಂಡ ಪಟ್ಟಿ ಪ್ರತಿ ಸಲವೂ ತಗಡನ್ನು ಎಳೆಯುತ್ತದೆ. ಹರಿದ ತುದಿಗಳಿಗೆ ತೂತು ಕೊರೆದು ಬೆಸೆದ ಮೇಲೆ, ಒಳಗಡೆ ದುಂಡು ಮೂಲೆಯ ಬಲಪಟ್ಟಿ ಸೇರಿಸಿ, ಬೋಲ್ಟುಗಳು ಎರಡೂ ಪದರವನ್ನು ಹಿಡಿಯುವಂತೆ ಕೂರಿಸಿ.

ಪ್ರಶ್ನೆ: ಸಸೂನ್ ಡಾಕ್ ಮತ್ತು ಭಾವುಚಾ ಧಕ್ಕಾದಿಂದ ಮೀನು ಎತ್ತುತ್ತೇವೆ. ಬಾಗಿಲಿನ ಕೆಳಗಿನ ಅಂಚು ತುಕ್ಕು ಹಿಡಿದಿದೆ, ಅಲ್ಲಿಂದ ಮೇಲಕ್ಕೆ ಬಿರುಕು ಹೊರಟಿದೆ. ತುಕ್ಕಿನಿಂದ ಬಿರುಕೋ, ಬಿರುಕಿನಿಂದ ತುಕ್ಕೋ?
— ಮೊಗವೀರ ಮಿತ್ರರೊಬ್ಬರು, ವರ್ಸೋವಾ

ಉತ್ತರ: ಎರಡೂ ಒಂದನ್ನೊಂದು ಬೆಳೆಸುತ್ತವೆ. ಗಟ್ಟಿ ಉಕ್ಕಿಗೆ ಒಂದು ಒಳ್ಳೆಯ ಗುಣವಿದೆ. ಒತ್ತಡ ಒಂದು ಮಿತಿಯ ಒಳಗಿದ್ದರೆ ಎಷ್ಟು ಸಲ ಅಲುಗಿಸಿದರೂ ದಣಿಯುವುದಿಲ್ಲ. ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ರೈಲಿನ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಈ ಮಿತಿಯನ್ನು ಕಂಡುಕೊಂಡರು. ಆದರೆ ಉಪ್ಪುನೀರು ತಾಗಿದ ಉಕ್ಕಿಗೆ ಈ ಗುಣ ಉಳಿಯುವುದಿಲ್ಲ. ಸಣ್ಣ ಅಲುಗಾಟವೂ ಅದರ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ತುಕ್ಕು ಮಾಡಿದ ಪ್ರತಿ ಕುಳಿಯೂ ಬಿರುಕು ಹುಟ್ಟಲು ಒಂದು ತಾವು.

ತುಕ್ಕು ತಗಡನ್ನು ತೆಳುವೂ ಮಾಡುತ್ತದೆ. ದಪ್ಪ ಅರ್ಧಕ್ಕಿಳಿದರೆ ಅದೇ ಬಲಕ್ಕೆ ಬಾಗುವ ಒತ್ತಡ ನಾಲ್ಕು ಪಟ್ಟಾಗುತ್ತದೆ.

ದಣಿವೂ ತುಕ್ಕೂ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ಮೇಲೆ ಹಾರುತ್ತಿದ್ದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಮುಂಭಾಗದ ಮೇಲ್ಛಾವಣಿ ಆಕಾಶದಲ್ಲೇ ಕಿತ್ತುಹೋಯಿತು. ಒಬ್ಬ ಗಗನಸಖಿ ಪ್ರಾಣ ಕಳೆದುಕೊಂಡರು. ದ್ವೀಪದಿಂದ ದ್ವೀಪಕ್ಕೆ ಚಿಕ್ಕ ಚಿಕ್ಕ ಹಾರಾಟ, ಒಟ್ಟು 90,000ದ ಹತ್ತಿರ, ಅದೂ ಸಮುದ್ರದ ಉಪ್ಪುಗಾಳಿಯಲ್ಲಿ. ದಣಿವು ಮತ್ತು ತುಕ್ಕು ಕೈಜೋಡಿಸಿದ್ದವು. ನಿಮ್ಮ ಗಾಡಿಯ ದಿನಚರಿಯೂ ಅಂಥದ್ದೇ. ಚಿಕ್ಕ ಚಿಕ್ಕ ಸವಾರಿ, ನೂರಾರು ಸಲ ಬಾಗಿಲು, ಕರಗಿದ ಮಂಜುಗಡ್ಡೆಯ ಉಪ್ಪುನೀರು, ಅದರ ಮೇಲೆ ಮುಂಬಯಿಯ ಎರಡು ಸಾವಿರ ಮಿಲಿಮೀಟರ್ ಮೀರಿದ ಮಳೆ.

ಬಾಗಿಲಿನ ತಳದಲ್ಲಿ ನೀರು ಇಳಿಯಲು ಕಿಂಡಿಗಳಿರುತ್ತವೆ. ಗಾಜಿನ ಪಕ್ಕದಿಂದ ಒಳಗಿಳಿದ ನೀರು ಹೊರಹೋಗುವುದು ಅಲ್ಲಿಂದ. ಕೆಸರು, ಮೀನಿನ ಪೊರೆ, ಪುಟ್ಟಿ, ಬಣ್ಣ ಇವುಗಳಿಂದ ಕಿಂಡಿ ಮುಚ್ಚಿದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ವಾರಕ್ಕೊಮ್ಮೆ ಪ್ಲಾಸ್ಟಿಕ್ ಕಡ್ಡಿಯಿಂದ ಚುಚ್ಚಿ ತೆರೆಯಿರಿ. ದಿನದ ಕೆಲಸ ಮುಗಿದ ಮೇಲೆ ಬಾಗಿಲಿನ ಹೊರಮೈ, ತಳದ ಅಂಚು, ಹಿಂಜು ಮೂರನ್ನೂ ಸಿಹಿನೀರಿನಿಂದ ತೊಳೆದು, ಬಾಗಿಲು ತೆರೆದಿಟ್ಟು ಒಣಗಿಸಿ.

ತುಕ್ಕು ಹಿಡಿದ ಅಂಚಿನ ಮೇಲೆ ತೇಪೆ ಹಾಕಬೇಡಿ. ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ, ಹೊಸ ಪಟ್ಟಿ ಬೆಸೆಯಿರಿ. ನಂತರ ಸತುವಿನ ಪ್ರೈಮರ್, ಜೋಡಣೆಯ ಸಂದಿಗೆ ಸೀಲರ್, ಬಣ್ಣ, ಕೊನೆಗೆ ಬಾಗಿಲಿನ ಪೊಳ್ಳಿನೊಳಗೆ ತುಕ್ಕು ತಡೆಯುವ ಮೇಣದ ಸ್ಪ್ರೇ. ಹಲವರು ಬಳಸಿದ ಎಂಜಿನ್ ಆಯಿಲ್ ಸುರಿಯುತ್ತಾರೆ. ಅದು ಗಾಜಿನ ರಬ್ಬರನ್ನು ಹಾಳುಮಾಡುತ್ತದೆ, ಮೊದಲ ಮಳೆಗೇ ತೊಳೆದು ಗಟಾರಕ್ಕೆ ಸೇರುತ್ತದೆ.

ಪ್ರಶ್ನೆ: ಬಾಗಿಲ ಮೇಲೆ ಕೂದಲೆಳೆಯಂತಹ ಗೆರೆ ಕಂಡಿದೆ. ಬಣ್ಣ ಬಿರಿದದ್ದೋ, ಲೋಹವೇ ಬಿರಿದದ್ದೋ ತಿಳಿಯುವುದು ಹೇಗೆ?
— ಕಿರಾಣಿ ಅಂಗಡಿ ಮಾಲೀಕರು, ಡೊಂಬಿವಲಿ

ಉತ್ತರ: ಗೆರೆಯ ಎರಡೂ ಬದಿಯನ್ನು ಹೆಬ್ಬೆರಳಿನಿಂದ ಒಂದಾದ ಮೇಲೊಂದು ಒತ್ತಿ ನೋಡಿ. ಒಂದು ಬದಿ ತಗ್ಗಿ ಇನ್ನೊಂದು ಬದಿ ನಿಂತರೆ ಲೋಹ ಬಿರಿದಿದೆ. ಗೆರೆಯಿಂದ ಕಂದು ಬಣ್ಣದ ತುಕ್ಕು ಸೋರುತ್ತಿದ್ದರೂ ಹಾಗೆಯೇ.

ಸಂಶಯ ಉಳಿದರೆ ಹಳೆಯ ಗ್ಯಾರೇಜ್ ವಿದ್ಯೆಯೊಂದಿದೆ. ಆ ಜಾಗದ ಬಣ್ಣ ಕೆರೆದು, ಸೀಮೆಎಣ್ಣೆ ಸವರಿ, ಕಾಲು ಗಂಟೆ ಬಿಡಿ. ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿನೊಳಗೆ ಇಳಿದ ಎಣ್ಣೆ ಮೇಲೆ ಬಂದು ಪುಡಿಯ ಮೇಲೆ ಗೆರೆ ಎಳೆಯುತ್ತದೆ. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ. ಇದನ್ನೇ ಕೆಂಪು ಬಣ್ಣ ಮತ್ತು ಬಿಳಿ ಪುಡಿಯ ಸ್ಪ್ರೇ ಡಬ್ಬಿಗಳಲ್ಲಿ ಇನ್ನೂ ಸ್ಪಷ್ಟವಾಗಿ ಮಾಡಬಹುದು, ವೆಲ್ಡಿಂಗ್ ಸಾಮಾನಿನ ಅಂಗಡಿಗಳಲ್ಲಿ ಕೇಳಿ.

ಗೆರೆಯ ಎರಡೂ ತುದಿಗೆ ಮಾರ್ಕರಿನಿಂದ ಅಡ್ಡಗೀಟು ಹಾಕಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಹದಿನೈದು ದಿನಕ್ಕೆ ಗೆರೆ ಗೀಟು ದಾಟಿದ್ದರೆ ಕಾಯಬೇಡಿ.

ಪ್ರಶ್ನೆ: ಹಳೆಯ ಬಾಗಿಲು ರಿಪೇರಿ ಮಾಡಿಸುವುದಕ್ಕಿಂತ ಕುರ್ಲಾದಿಂದ ಸೆಕೆಂಡ್‌ಹ್ಯಾಂಡ್ ಬಾಗಿಲು ತಂದು ಹಾಕುವುದು ಲಾಭವಲ್ಲವೇ?
— ಚಾಲಕ-ಮಾಲೀಕರು, ಸಾಕಿನಾಕಾ

ಉತ್ತರ: ಬಿರುಕು ಒಂದೇ ಕಡೆ ಇದ್ದು, ಹಿಂಜು ಕೂರುವ ಜಾಗ ಗಟ್ಟಿಯಿದ್ದರೆ ರಿಪೇರಿ ಸಾಕು. ಮೂರು ನಾಲ್ಕು ಕಡೆ ಬಿರುಕು, ತಳದ ಅಂಚು ಕೈಗೆ ಪುಡಿಯಾಗಿ ಬರುತ್ತಿದೆ, ಇಲ್ಲವೆ ಹಿಂಜಿನ ಬೋಲ್ಟ್ ಹಿಡಿಯುವ ಒಳತಗಡೇ ಹರಿದಿದೆ ಎಂದರೆ ಬಾಗಿಲು ಬದಲಿಸಿ.

ಕೊಳ್ಳುವಾಗ ಹೊಳೆಯುವ ಬಣ್ಣ ನೋಡಬೇಡಿ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮೈಮೇಲೆ ಎಳೆಯಿರಿ. ಹಿಡಿತ ಸಡಿಲವಾದ ಕಡೆ ಪುಟ್ಟಿ ಇದೆ. ಒಳಬದಿಯಲ್ಲಿ ಹಿಂಜು, ತಡೆಪಟ್ಟಿ, ಕನ್ನಡಿ ಈ ಮೂರೂ ಜಾಗವನ್ನು ಟಾರ್ಚ್ ಹಾಕಿ ನೋಡಿ. ರಸೀದಿ ಇಲ್ಲದೆ ಕೊಳ್ಳಬೇಡಿ, ಕದ್ದ ಮಾಲಾಗಿದ್ದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಒಂದು ಮಾತು ನೆನಪಿರಲಿ. ಆ ಬಾಗಿಲೂ ಎಷ್ಟೋ ಸಾವಿರ ಸಲ ತೆರೆದು ಮುಚ್ಚಿದ್ದೇ. ಅದರ ದಣಿವು ಬಣ್ಣದ ಕೆಳಗೆ ಕಾಣುವುದಿಲ್ಲ. ಸವೆದ ಹಳೆಯ ಹಿಂಜಿಗೆ ಅದನ್ನು ನೇತುಹಾಕಿದರೆ ಆರು ತಿಂಗಳಲ್ಲಿ ಅದೂ ಬಿರಿಯುತ್ತದೆ.

ಪ್ರಶ್ನೆ: ಬಾಗಿಲಿನ ಮೇಲಿನ ಹಿಂಜು ಕೂತಿರುವ ಕ್ಯಾಬಿನ್ ಕಂಬದಲ್ಲೇ ಬಿರುಕು ಕಂಡಿದೆ. ಗಾಡಿ ಓಡಿಸಬಹುದೇ? ವಿಮೆ ಸಿಗುತ್ತದೆಯೇ? ಫಿಟ್‌ನೆಸ್‌ಗೆ ತೊಂದರೆಯೇ?
— ಗೋದಾಮು ಸಾಗಣೆಯವರು, ಭಿವಂಡಿ

ಉತ್ತರ: ಓಡಿಸಬೇಡಿ. ಬಾಗಿಲಿನ ತಗಡಿನ ಬಿರುಕು ಒಂದು ಬಗೆ, ಕಂಬದ ಬಿರುಕೇ ಬೇರೆ. ಆ ಕಂಬ ಬಾಗಿಲನ್ನೂ ಮುಂಗಾಜನ್ನೂ ಛಾವಣಿಯನ್ನೂ ಹೊತ್ತಿರುತ್ತದೆ.

ಕಾರಣ ಹುಡುಕಲು ಬಾಗಿಲನ್ನು ಅರ್ಧ ತೆರೆದು, ತುದಿಯನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ. ಮೇಲೆ ಕೆಳಗೆ ಆಡಿದರೆ ಹಿಂಜಿನ ಪಿನ್ನು, ಬುಷ್ ಸವೆದಿವೆ. ಇನ್ನೊಂದು ಕಾರಣ ನಮ್ಮ ಅಭ್ಯಾಸ. ಹತ್ತುವಾಗ ಬಾಗಿಲಿಗೇ ಜೋತುಬೀಳುತ್ತೇವೆ. ಹಿಂಜಿನಿಂದ 90 ಸೆಂಟಿಮೀಟರ್ ದೂರದಲ್ಲಿ 30 ಕಿಲೋ ಭಾರ ಹಾಕಿದಿರಿ ಎನ್ನಿ. ಎರಡು ಹಿಂಜುಗಳ ನಡುವೆ 36 ಸೆಂಟಿಮೀಟರ್ ಅಂತರವಿದ್ದರೆ ಮೇಲಿನ ಹಿಂಜನ್ನು 75 ಕಿಲೋ ಬಲ ಕಂಬದಿಂದ ಕೀಳಲು ಎಳೆಯುತ್ತದೆ. ಕಂಬಕ್ಕಿರುವ ಹಿಡಿಕೆ ಹಿಡಿದು ಹತ್ತಿ. ಹಿಡಿಕೆ ಇಲ್ಲದಿದ್ದರೆ ಹಾಕಿಸಿ.

ಕ್ಯಾಬಿನ್ ಮತ್ತು ಚಾಸಿಯ ನಡುವಿನ ರಬ್ಬರುಗಳನ್ನೂ ನೋಡಿಸಿ. ಅವು ಸತ್ತರೆ, ಮಿತಿ ಮೀರಿದ ಲೋಡಿನಲ್ಲಿ ಗುಂಡಿ ಹಾರಿದಾಗಲೆಲ್ಲ ಚಾಸಿಯ ತಿರುಚು ಕ್ಯಾಬಿನ್ನಿಗೆ ಬಂದು ಬಾಗಿಲಿನ ಚೌಕಟ್ಟನ್ನೇ ಓರೆ ಮಾಡುತ್ತದೆ.

ಕಂಬದ ಕೆಲಸ ರಸ್ತೆ ಬದಿಯಲ್ಲಿ ಬೇಡ. ಕ್ಯಾಬಿನ್ನಿನ ಅಳತೆ ಹಿಡಿದು ಬೆಸೆಯಬಲ್ಲ ಬಾಡಿ ಶಾಪಿಗೆ ಕೊಡಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಸಿ, ಎಂಜಿನ್ ಕಂಪ್ಯೂಟರಿನ ಪ್ಲಗ್ ತೆಗೆಸಿ, ಅರ್ತ್ ಹಿಡಿಕೆಯನ್ನು ಬೆಸೆಯುವ ಜಾಗದ ಹತ್ತಿರವೇ ಕಚ್ಚಿಸಿ. ಸತುವಿನ ಲೇಪವಿರುವ ತಗಡಾದರೆ ಬಿಳಿ ಹೊಗೆ ಏಳುತ್ತದೆ, ಅದನ್ನು ಉಸಿರಾಡಿದರೆ ಆ ರಾತ್ರಿ ಚಳಿಜ್ವರ ಬರಬಹುದು. ಗಾಳಿಯಾಡುವ ಕಡೆ, ಮುಖವಾಡ ಹಾಕಿ ಮಾಡಲಿ. ಬಾಗಿಲಿನೊಳಗೆ ಅಡ್ಡಕ್ಕೆ ಉಕ್ಕಿನ ಕೊಳವೆ ಇದ್ದರೆ ಅದಕ್ಕೆ ಬಿಸಿ ತಾಗಿಸಕೂಡದು. ಅದು ಪಕ್ಕದಿಂದ ಗುದ್ದಿದಾಗ ನಿಮ್ಮನ್ನು ಕಾಯುವ ಗಟ್ಟಿ ಉಕ್ಕು, ಕಾಯಿಸಿದರೆ ಮೆತ್ತಗಾಗುತ್ತದೆ.

ವಿಮೆಯ ಮಾತು. ಸಾಮಾನ್ಯ ಮೋಟಾರು ಪಾಲಿಸಿಗಳು ಸವಕಳಿಯಿಂದಾದ ಹಾನಿಯನ್ನು ಹೊರಗಿಡುತ್ತವೆ, ದಣಿವಿನ ಬಿರುಕು ಆ ಸಾಲಿಗೇ ಸೇರುತ್ತದೆ. ಗಾಡಿ ವಾರಂಟಿಯೊಳಗಿದ್ದರೆ ಮಾತ್ರ ಮುಟ್ಟುವ ಮೊದಲು ಫೋಟೋ ತೆಗೆದು ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಲಿಖಿತವಾಗಿ ತಿಳಿಸಿ. ಸಾಗಣೆ ವಾಹನಕ್ಕೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಆಗಬೇಕು. ಆ ಗಡುವಿಗೆ ಪುಟ್ಟಿ ಮೆತ್ತಿ ದಾಟಿಸುವ ಯೋಚನೆ ಬೇಡ. ಕಣ್ಣಿಗೆ ಕಾಣದ ಬಿರುಕು ಬೆಳೆಯುವುದನ್ನು ನಿಲ್ಲಿಸುವುದಿಲ್ಲ.

ಪ್ರಶ್ನೆ: ನಮ್ಮ ಯಜಮಾನರು ಹದಿನೆಂಟು ವರ್ಷದಿಂದ ಗಾಡಿ ಓಡಿಸುತ್ತಾರೆ. ಎಡಬದಿಯ ಬಾಗಿಲು ಬಿರಿದು ಚಿಲಕ ಕೂರುವುದಿಲ್ಲವೆಂದು ನೈಲಾನ್ ಹಗ್ಗದಿಂದ ಕಟ್ಟಿಕೊಂಡಿದ್ದಾರೆ. ರಜೆ ದಿನ ಮಗನನ್ನೂ ಅದೇ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ನನ್ನ ಮಾತು ಕೇಳುವುದಿಲ್ಲ. ನೀವು ಬರೆದರೆ ಓದುತ್ತಾರೆ.
— ಗೃಹಿಣಿ, ನಾಲಾಸೋಪಾರಾ

ಉತ್ತರ: ತಾಯಿ, ಈ ಉತ್ತರವನ್ನು ನಿಮ್ಮ ಯಜಮಾನರಿಗೇ ಬರೆಯುತ್ತೇನೆ.

ಅಣ್ಣಾ, ಬಾಗಿಲು ಮಳೆ ಗಾಳಿ ತಡೆಯಲಷ್ಟೇ ಇರುವುದಲ್ಲ. ಗಾಡಿ ಮಗುಚಿದಾಗಲೋ ಪಕ್ಕದಿಂದ ಏಟು ಬಿದ್ದಾಗಲೋ ಒಳಗಿರುವವರು ಹೊರಗೆ ಎಸೆಯಲ್ಪಡದಂತೆ ಹಿಡಿಯುವುದು ಸೀಟ್‌ಬೆಲ್ಟ್ ಮತ್ತು ಚಿಲಕ. ಹಗ್ಗಕ್ಕೆ ಆ ಶಕ್ತಿಯಿಲ್ಲ. ಇನ್ನೊಂದು ಅಪಾಯವೂ ಇದೆ. ನೀರಿಗಿಳಿದಾಗ, ಬೆಂಕಿ ಹತ್ತಿದಾಗ ಕಟ್ಟಿದ ಗಂಟು ಬಿಚ್ಚುವಷ್ಟು ಹೊತ್ತು ಸಿಗುವುದಿಲ್ಲ. ಬಾಗಿಲು ಬಿಗಿಯುವ ತನಕ ಮಗನನ್ನು ಆ ಸೀಟಿನಲ್ಲಿ ಕೂರಿಸಬೇಡಿ. ಚಿಲಕ ಕೂರದಿರುವುದಕ್ಕೆ ಬಹುಪಾಲು ಕಾರಣ ಸವೆದ ಹಿಂಜಿನಿಂದ ಬಾಗಿಲು ಕೆಳಗೆ ಜಗ್ಗಿರುವುದು. ಪಿನ್ನು, ಬುಷ್ ಬದಲಿಸಿದರೆ ಚಿಲಕವೂ ಕೂರುತ್ತದೆ, ಬಿರುಕಿನ ಮೂಲವೂ ಹೋಗುತ್ತದೆ. ಅರ್ಧ ದಿನದ ದುಡಿಮೆ ಬಿಟ್ಟು ಮಾಡಿಸಿ.

ಎಲ್ಲ ಓದುಗರಿಗೂ ಒಂದು ವಿನಂತಿ. ಈ ಭಾನುವಾರ ಗಾಡಿಗೆ ಕಾಲು ಗಂಟೆ ಕೊಡಿ. ಬಾಗಿಲು ಎತ್ತಿ ಹಿಂಜು ನೋಡಿ, ಕನ್ನಡಿಯ ಬೋಲ್ಟ್ ಬಿಗಿಯಿರಿ, ತಳದ ಕಿಂಡಿ ಚುಚ್ಚಿ ತೆರೆಯಿರಿ, ಕಂಡ ಬಿರುಕಿನ ತುದಿಗೆ ಗೀಟೆಳೆದು ತಾರೀಕು ಬರೆಯಿರಿ. ಗ್ಯಾರೇಜಿಗೆ ಹೋದಾಗ ಮೊದಲು ಕೇಳಬೇಕಾದ ಪ್ರಶ್ನೆ ಬಿರುಕು ಬೆಸೆಯಲು ಎಷ್ಟಾಗುತ್ತದೆ ಎಂಬುದಲ್ಲ. ಏನು ಅಲುಗುತ್ತಿದೆ ಎಂದು ಕೇಳಿ. ಅಲುಗಾಟ ನಿಲ್ಲಿಸಿದ ಮೇಲೆ ಬೆಸೆದ ಬಾಗಿಲು ಉಳಿಯುತ್ತದೆ.